ದಾರಿ ಕಾಯುವ ಮನೆಗಳು

ಟೋಕಿಯೊದ ಶಿಂಜುಕು ನಿಲ್ದಾಣದಲ್ಲಿ ‘ಅಜುಸ’ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಮತ್ಸುಮೊತೊ ಸೇರಬಹುದು. ಈ ಊರಿನ ನಿಲ್ದಾಣದ ಮುಂದೆ ಒಬ್ಬ ಬೌದ್ಧ ಸನ್ಯಾಸಿಯ ಪ್ರತಿಮೆ ಇದೆ. ಹೆಸರು ಬನ್ರ್ಯೂ. ಆಕಾಶಕ್ಕೆ ನೆಟ್ಟ ಈಟಿಯಂತೆ ಕಾಣುವ 3180 ಮೀಟರ್ ಎತ್ತರದ ಯರಿಗತಕೆ ಶಿಖರವನ್ನು 1828ರಲ್ಲಿ ಮೊದಲು ಏರಿದವನೆಂದು ಜಪಾನಿನ ಚರಿತ್ರೆ ಇವನನ್ನು ನೆನೆಯುತ್ತದೆ. ತುದಿ ಮುಟ್ಟಿ ಬಂದಷ್ಟಕ್ಕೇ ಅವನು ಸುಮ್ಮನಾಗಲಿಲ್ಲ. ಮೇಲೆ ಬುದ್ಧಮೂರ್ತಿಗಳನ್ನಿಟ್ಟ. ಹಿಂದೆ ಬರುವ ಭಕ್ತರಿಗೆ ಹಿಡಿದುಕೊಳ್ಳಲು ಆಸರೆ ಬೇಕೆಂದು ಬಂಡೆಗೆ ಹಗ್ಗ ಬಿಗಿದ. ಹಗ್ಗ ಹೆಚ್ಚು ದಿನ ಬಾಳುವುದಿಲ್ಲವೆಂದು ಕಬ್ಬಿಣದ ಸರಪಳಿಗಾಗಿ ಊರೂರು ತಿರುಗಿ ಕಾಣಿಕೆ ಎತ್ತಿದ. ಅಷ್ಟರಲ್ಲಿ ಬರ ಬಿತ್ತು. ಬೆಟ್ಟಕ್ಕೆ ಸರಪಳಿ ಹಾಕಲು ಹೊರಟಿದ್ದಕ್ಕೇ ದೇವರು ಮುನಿದಿದ್ದಾನೆಂದು ಜನ ಆಡಿಕೊಂಡರು, ಆಡಳಿತ ಕೆಲಸ ತಡೆಹಿಡಿಯಿತು. ಕೊನೆಗೆ ಸರಪಳಿ ಬಂಡೆಗೆ ಬಿದ್ದದ್ದು 1840ರಲ್ಲಿ, ಅವನು ತೀರಿಕೊಂಡ ವರ್ಷವೇ.

ತಾನು ಹತ್ತಿದ ಮೇಲೆ ಇನ್ನೊಬ್ಬರೂ ಹತ್ತುವಂತಾಗಬೇಕು ಎಂಬ ಈ ಹಂಬಲವೇ ಉತ್ತರ ಜಪಾನ್ ಆಲ್ಪ್ಸ್ ಪರ್ವತಗಳ ಇಂದಿನ ಚಾರಣದ ಬುನಾದಿ. ಹೊರಗಿನಿಂದ ನೋಡಿದವರಿಗೆ ಇದು ನಾಲ್ಕು ದಿನ, ಮೂರು ರಾತ್ರಿಗಳ ಒಂದು ಪ್ಯಾಕೇಜ್ ಪ್ರವಾಸ: ಜೊತೆಗೊಬ್ಬ ಗೈಡ್, ರಾತ್ರಿಗೊಂದು ತಂಗುಮನೆ, ಬಿಸಿ ಅನ್ನ, ಬೆಚ್ಚನೆಯ ಹಾಸಿಗೆ. ಒಳಹೊಕ್ಕು ನೋಡಿದರೆ, ಪ್ರತಿ ಏಣಿಯ ಮೊಳೆಯ ಹಿಂದೆ, ಬಂಡೆಯ ಮೇಲಿನ ಪ್ರತಿ ಬಣ್ಣದ ಗುರುತಿನ ಹಿಂದೆ ನೂರು ವರ್ಷದಿಂದ ಬೆಟ್ಟದಲ್ಲೇ ಬಾಳಿದ ಕೆಲವು ಮನೆತನಗಳ ದುಡಿಮೆ ಇದೆ. ಆ ದುಡಿಮೆಗೆ ಯಾರು ಬೆಲೆ ಕಟ್ಟಬೇಕು ಎಂಬ ಪ್ರಶ್ನೆ ಈಗ ಅಲ್ಲಿ ಜೋರಾಗಿಯೇ ಎದ್ದಿದೆ.

ಮಾರ್ಗದರ್ಶಿಗಳು ಹೊರನಾಡಿನವರನ್ನು ಹೆಚ್ಚಾಗಿ ಕರೆದೊಯ್ಯುವ ದಾರಿಗಳಲ್ಲಿ ‘ಒಮೊತೆ ಗಿನ್ಜ’ ಮುಖ್ಯವಾದದ್ದು. ಟೋಕಿಯೊದ ಗಿನ್ಜ ಪೇಟೆಬೀದಿಯಷ್ಟೇ ಜನ ಓಡಾಡುತ್ತಾರೆಂದು ಬಂದ ಹೆಸರು. ನಕಬುಸ ಎಂಬ ಬಿಸಿನೀರಿನ ಬುಗ್ಗೆಯ ಊರಿನಿಂದ ಹೊರಟು, ತ್ಸುಬಕುರೊ ಶಿಖರದ ಬಳಿ ಬೆಟ್ಟದ ಏಣು ಹತ್ತಿ, ಆ ಏಣಿನ ಮೇಲೆಯೇ ಎರಡು ದಿನ ನಡೆದು ಯರಿಯ ಬುಡ ಸೇರಿ, ನಾಲ್ಕನೆಯ ದಿನ ಕಮಿಕೋಚಿ ಕಣಿವೆಗೆ ಇಳಿಯುವ ಹಾದಿ ಇದು. ಎಲ್ಲೂ ಹಗ್ಗ ಕಟ್ಟಿ ಗೋಡೆ ಹತ್ತುವಂಥದ್ದಿಲ್ಲ. ಆದರೆ ಕಾಲು ಜಾರಿದರೆ ಉಳಿಗಾಲವಿಲ್ಲದ ಜಾಗಗಳು ಇವೆ.

ಗೈಡ್ ಮೊದಲು ನೋಡುವುದು ಬೂಟು, ಆಮೇಲೆ ಬೆನ್ನುಚೀಲದ ತೂಕ. ಟೆಂಟು ಬೇಡ, ಹೊದಿಕೆ ಬೇಡ, ಒಲೆ ಬೇಡ. ಚೀಲ ಏಳೆಂಟು ಕಿಲೊ ಮೀರಬಾರದೆನ್ನುತ್ತಾರೆ. ಮಳೆಯಂಗಿ, ಒಂದು ಜೊತೆ ಒಣ ಬಟ್ಟೆ, ತಲೆದೀಪ, ಹೆಲ್ಮೆಟ್, ಕೈಯಲ್ಲಿ ಸಾಕಷ್ಟು ನಗದು ಇದ್ದರಾಯಿತು. ಹೊರಡುವ ಮುನ್ನ ಯಾರು, ಎಷ್ಟು ಮಂದಿ, ಯಾವ ದಾರಿ, ಯಾವ ರಾತ್ರಿ ಎಲ್ಲಿ ಎಂಬ ವಿವರವನ್ನು ಬರೆದು ಸಲ್ಲಿಸಬೇಕು. ನಗಾನೊ ಪ್ರಾಂತ್ಯದ ಇಂಥ ಬೆಟ್ಟಗಳಿಗೆ 2016ರಿಂದ ಇದು ಕಡ್ಡಾಯ. ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ಯರಿ ಮತ್ತು ಹೊತಕ ಶಿಖರಗಳ ಸುತ್ತ ಹಾಕಿಕೊಳ್ಳಲೇಬೇಕೆಂದು ಪ್ರಾಂತ್ಯವೇ ಸಲಹೆ ಕೊಟ್ಟಿದೆ. ಒಳ್ಳೆಯ ಗೈಡ್ ಇವೆರಡರಲ್ಲೂ ರಿಯಾಯಿತಿ ತೋರುವುದಿಲ್ಲ.

ನಕಬುಸದ ಎತ್ತರ 1462 ಮೀಟರ್. ಅಲ್ಲಿಂದ ಎನ್‌ಜಾನ್‌ಸೋ ತಂಗುಮನೆಗೆ 1250 ಮೀಟರ್ ಏರಬೇಕು, ಅದೂ ಐದಾರು ಕಿಲೋಮೀಟರ್ ಅಂತರದಲ್ಲಿ. ಈ ಕಸ್ಸೆನ್ ಏರನ್ನು ಉತ್ತರ ಆಲ್ಪ್ಸ್‌ನ ಮೂರು ಕಡಿದಾದ ಏರುಗಳಲ್ಲಿ ಒಂದೆಂದು ಹೇಳುವ ವಾಡಿಕೆ. ಹೊಸಬರು ಇಲ್ಲೇ ಏದುಸಿರು ಬಿಡುತ್ತಾರೆ. ಗೈಡ್ ಮಾತ್ರ ಬೇಸರ ಬರುವಷ್ಟು ನಿಧಾನವಾಗಿ ನಡೆಯುತ್ತಾನೆ. ಪುಟ್ಟ ಹೆಜ್ಜೆ, ಪಾದ ಪೂರ್ತಿ ಊರಿ ಮುಂದಿನದು, ಐವತ್ತು ನಿಮಿಷಕ್ಕೊಮ್ಮೆ ಹತ್ತು ನಿಮಿಷದ ನಿಲುಗಡೆ. ದಾಪುಗಾಲು ಹಾಕಿ ಮುಂದೆ ಹೋದವರು ಎರಡನೆಯ ಬೆಂಚಿನ ಹತ್ತಿರ ಕೂತು ಸುಧಾರಿಸಿಕೊಳ್ಳುತ್ತಿರುತ್ತಾರೆ, ನಿಧಾನದ ಗುಂಪು ಅವರನ್ನು ದಾಟಿ ಹೋಗುತ್ತದೆ. ಬೆಂಚುಗಳೆಂದರೆ ಬರೀ ಮರದ ದಿಮ್ಮಿಗಳು: ಒಂದನೆಯದು, ಎರಡನೆಯದು, ಮೂರನೆಯದು, ಆಮೇಲೆ ಆಕಾಶ ತಿಳಿಯಾಗಿದ್ದರೆ ಫ್ಯೂಜಿ ಪರ್ವತ ಕಾಣುವ ಫುಜಿಮಿ ಬೆಂಚು.

ಏರಿನ ಮುಕ್ಕಾಲು ಪಾಲು ಮುಗಿದ ಮೇಲೆ ಕಸ್ಸೆನ್ ಗುಡಿಸಲು ಸಿಗುತ್ತದೆ. ಇಲ್ಲಿ ಬೇಸಿಗೆಯಲ್ಲಿ ಕಲ್ಲಂಗಡಿ ಮಾರುತ್ತಾರೆ. ತಪ್ಪಲಿನಿಂದ ಸಾಮಾನು ಸಾಗಿಸುವ ತಂತಿದಾರಿಯಲ್ಲಿ ಮೇಲೆ ಬಂದ ದಪ್ಪ ಹಣ್ಣುಗಳು, ಎದುರಿಗೇ ಹೆಚ್ಚಿ ಕೈಗಿಡುವ ಕೆಂಪು ಹೋಳು. ಉಪ್ಪು ಉದುರಿಸಿಕೊಂಡು, ಅಂಗೈಯಿಂದ ಮೊಣಕೈವರೆಗೆ ರಸ ಸುರಿಸಿಕೊಂಡು ತಿನ್ನುವವರು ಸಾಲಾಗಿ ಕೂತಿರುತ್ತಾರೆ. ಸಿಪ್ಪೆ ಹಾಕಲು ಪಾತ್ರೆ ಉಂಟು, ಉಳಿದ ಯಾವ ಕಸಕ್ಕೂ ಬುಟ್ಟಿ ಇಲ್ಲ. ನಿಮ್ಮ ಕಸ ನಿಮ್ಮ ಚೀಲದಲ್ಲೇ ಕೆಳಗಿಳಿಯಬೇಕೆಂಬ ನಿಯಮ ಇಡೀ ಬೆಟ್ಟಸಾಲಿಗೆ ಒಂದೇ, ಅದನ್ನು ಮುರಿಯುವವರೂ ಅಪರೂಪ.

ಕಾಡು ಮುಗಿದು, ಎದೆಯೆತ್ತರಕ್ಕೂ ಬೆಳೆಯದೆ ನೆಲಕ್ಕೆ ಒರಗಿದ ಹೈಮತ್ಸು ಪೈನ್ ಶುರುವಾಗುತ್ತಿದ್ದಂತೆ ಏಣಿನ ಮೇಲೆ ಎನ್‌ಜಾನ್‌ಸೋ ಕಾಣಿಸುತ್ತದೆ. ಇದನ್ನು 1921ರಲ್ಲಿ ಶುರುಮಾಡಿದವರು ಅಕನುಮ ಚಿಹಿರೊ. ಈಗಲೂ ಅದೇ ಮನೆತನ ನಡೆಸುತ್ತಿದೆ. ಬಾಗಿಲಲ್ಲಿ ಬೂಟು ಬಿಚ್ಚಿ ಕಪಾಟಿನಲ್ಲಿಟ್ಟು, ಚಪ್ಪಲಿ ಮೆಟ್ಟಿ, ಕೌಂಟರಿನಲ್ಲಿ ಹೆಸರು ಬರೆಸಿದರೆ ಮಲಗುವ ಜಾಗದ ಸಂಖ್ಯೆ, ಊಟದ ಪಾಳಿಯ ಚೀಟಿ ಸಿಗುತ್ತವೆ. ಒದ್ದೆ ಬಟ್ಟೆಗೆ ಒಣಗುಕೋಣೆ ಬೇರೆಯೇ ಇದೆ. ಮಲಗುವುದು ಅಟ್ಟದಂಥ ಎರಡಂತಸ್ತಿನ ಹಲಗೆಯ ಮೇಲೆ, ಸಾಲಾಗಿ ಹಾಸಿದ ಫುತಾನ್‌ಗಳಲ್ಲಿ. ಪಕ್ಕದವರಿಗೂ ನಿಮಗೂ ನಡುವೆ ಒಂದು ಪರದೆ ಇದ್ದರೆ ಅದೇ ಹೆಚ್ಚು. ಸ್ನಾನವಿಲ್ಲ; ಏಣಿನ ಮೇಲಿನ ಮನೆಗಳಲ್ಲಿ ನೀರೆಂದರೆ ಮಳೆಯ ನೀರು, ಇಲ್ಲವೇ ಕರಗಿದ ಹಿಮ. ಕುಡಿಯುವ ನೀರಿಗೆ ಲೀಟರಿನ ಲೆಕ್ಕದಲ್ಲಿ ದುಡ್ಡು ತೆರಬೇಕಾದ ಮನೆಗಳೇ ಹೆಚ್ಚು.

ಸಂಜೆ ಐದಕ್ಕೆ ಊಟ. ಈ ಎತ್ತರದಲ್ಲಿ ನೀರು ತೊಂಬತ್ತು ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುವುದರಿಂದ ಅನ್ನವನ್ನು ಪ್ರೆಶರ್ ಪಾತ್ರೆಯಲ್ಲೇ ಬೇಯಿಸಬೇಕು. ಜೊತೆಗೆ ಮಿಸೊ ಸಾರು, ಉಪ್ಪಿನಕಾಯಿ, ಎಲೆಕೋಸು, ಮಾಂಸ ಅಥವಾ ಮೀನಿನ ಒಂದು ಪದಾರ್ಥ. ಅನ್ನ, ಸಾರು ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಸಸ್ಯಾಹಾರಿಗಳು, ಅದರಲ್ಲೂ ಬೆಂಗಳೂರು, ಮೈಸೂರಿನಿಂದ ಹೋಗುವ ಚಾರಣಿಗರು ಒಂದನ್ನು ಗಮನದಲ್ಲಿಡಬೇಕು. ತರಕಾರಿಯ ಸಾರಿಗೂ ಸಾಮಾನ್ಯವಾಗಿ ಒಣಮೀನಿನ ಕಷಾಯವೇ ಆಧಾರ. ಬುಕಿಂಗ್ ಮಾಡುವಾಗಲೇ ಗೈಡ್ ಮೂಲಕ ತಿಳಿಸಿಟ್ಟರೆ ಕೆಲವು ಮನೆಗಳು ಬೇರೆ ವ್ಯವಸ್ಥೆ ಮಾಡುತ್ತವೆ, ಹೋದ ಮೇಲೆ ಕೇಳಿದರೆ ಬರೀ ಅನ್ನವೇ ಗತಿ. ಊಟದ ನಂತರ ಕೆಲವು ಸಂಜೆ ಎನ್‌ಜಾನ್‌ಸೋದ ಯಜಮಾನರು ಉದ್ದನೆಯ ಆಲ್ಪ್‌ಹಾರ್ನ್ ಊದಿ ಕೇಳಿಸುವುದುಂಟು. ಎಂಟೂವರೆ, ಒಂಬತ್ತರ ಹೊತ್ತಿಗೆ ದೀಪ ಆರುತ್ತದೆ.

ದೊಡ್ಡ ತಂಗುಮನೆಗಳ ಒಂದು ಮೂಲೆಯಲ್ಲಿ ಬೇಸಿಗೆಯ ಕೆಲವು ವಾರ ಆಸ್ಪತ್ರೆಯ ಬೋರ್ಡು ನೇತಾಡುತ್ತದೆ. ವೈದ್ಯಕೀಯ ಕಾಲೇಜುಗಳ ವೈದ್ಯರು, ವಿದ್ಯಾರ್ಥಿಗಳು ಸರದಿಯಂತೆ ಮೇಲೆ ಬಂದು ಕೂರುತ್ತಾರೆ. ಎನ್‌ಜಾನ್‌ಸೋಗೆ ಜುಂತೆಂದೊ ವಿಶ್ವವಿದ್ಯಾಲಯದವರು, ಯರಿಯ ಮನೆಗೆ ಜಿಕೆಯಿ ವೈದ್ಯಕೀಯ ವಿಶ್ವವಿದ್ಯಾಲಯದವರು. ಯರಿಯ ಆಸ್ಪತ್ರೆ 1950ರಿಂದ ನಡೆದುಬಂದಿದೆ. ತಲೆನೋವು, ವಾಂತಿ, ಉಳುಕಿದ ಕಾಲು, ಕೆಲವೊಮ್ಮೆ ಹೃದಯದ ತೊಂದರೆ, ಎಲ್ಲಕ್ಕೂ ಮೊದಲ ಕೈ ಇವರದೇ.

ಎರಡನೆಯ ದಿನದ ನಡಿಗೆಯೇ ಈ ಪ್ರವಾಸದ ಸೊಗಸು. ತ್ಸುಬಕುರೊ ಶಿಖರದ ಸುತ್ತ ನೆಲವೆಲ್ಲ ಬಿಳಿ ಗ್ರಾನೈಟಿನ ಪುಡಿ. ಅದರ ನಡುವೆ ಗಾಳಿ, ಹಿಮ ಕೊರೆದು ನಿಲ್ಲಿಸಿದ ಬಂಡೆಗಳು, ಒಂದಂತೂ ಥೇಟ್ ಡಾಲ್ಫಿನ್. ಜುಲೈ ನಡುವೆ ಹೋದವರಿಗೆ ಈ ಬಿಳಿ ಜಲ್ಲಿಯಲ್ಲಿ ಕೊಮಕುಸ ಹೂ ಕಾಣುತ್ತದೆ. ಬೆರಳೆತ್ತರದ ಗಿಡ, ಬೂದುಹಸಿರು ಎಲೆ, ತಲೆ ತಗ್ಗಿಸಿದ ಗುಲಾಬಿ ಹೂ. ಬೇರೆ ಯಾವ ಗಿಡವೂ ನೆಲೆ ನಿಲ್ಲದ, ಸದಾ ಸರಿಯುವ ಜಲ್ಲಿಯಲ್ಲಿ ಇದು ಆಳಕ್ಕೆ ಬೇರು ಇಳಿಸಿ ಬದುಕುತ್ತದೆ. ಹಿಂದೆ ಔಷಧಕ್ಕೆಂದು ಕಿತ್ತು ಕಿತ್ತು ಎಷ್ಟೋ ಬೆಟ್ಟಗಳಲ್ಲಿ ಬರಿದು ಮಾಡಿದ್ದರು. ಈಗ ದಾರಿಯ ಎರಡೂ ಬದಿ ಹಗ್ಗ ಕಟ್ಟಿದೆ. ಫೋಟೊ ತೆಗೆಯಲು ಒಂದು ಕಾಲು ಹಗ್ಗದಾಚೆ ಇಟ್ಟರೂ ಗೈಡ್ ತಡೆಯುತ್ತಾನೆ, ತಡೆಯಬೇಕಾದದ್ದೇ.

ಮಂಜು ಕವಿದ ದಿನ ಬೇಸರಪಡಬೇಕಿಲ್ಲ. ರೈಚೊ ಹಕ್ಕಿ ಹೊರಬರುವುದು ಅಂಥ ಹೊತ್ತಿನಲ್ಲೇ, ಹದ್ದು ಗಿಡುಗಗಳ ಕಣ್ಣಿಗೆ ಬೀಳದ ಧೈರ್ಯದಲ್ಲಿ. ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದು, ಗಂಡಿನ ಕಣ್ಣಿನ ಮೇಲೆ ಕೆಂಪು ಹುಬ್ಬು. ಚಳಿಗಾಲದಲ್ಲಿ ಮೈಯೆಲ್ಲ ಬಿಳಿ, ಬೇಸಿಗೆಯಲ್ಲಿ ಕಲ್ಲಿನ ಬಣ್ಣ. ಮರಿಗಳನ್ನು ಕರೆದುಕೊಂಡು ಚಾರಣಿಗರ ಕಾಲ ಬಳಿಯೇ ಹಾದುಹೋಗುತ್ತದೆ. ಬೆಟ್ಟದ ದೇವರ ಹಕ್ಕಿ ಎಂಬ ನಂಬಿಕೆಯಿಂದ ಜನ ಇದನ್ನು ಬೇಟೆಯಾಡದೆ ಉಳಿಸಿದ್ದರಿಂದಲೇ ಇದಕ್ಕೆ ಮನುಷ್ಯರ ಅಂಜಿಕೆಯಿಲ್ಲ ಎನ್ನುತ್ತಾರೆ. ಆದರೂ ಸಂಖ್ಯೆ ಇಳಿದಿದೆ. 1980ರ ದಶಕದಲ್ಲಿ ಜಪಾನಿನಲ್ಲಿ ಸುಮಾರು 3000 ಇದ್ದದ್ದು ಈ ಶತಮಾನದ ಶುರುವಿನ ಹೊತ್ತಿಗೆ 1700ರ ಆಸುಪಾಸಿಗೆ ಬಂತು. ತಪ್ಪಲಿನ ನರಿ, ಕಾಗೆಗಳು ಮೇಲೇರಿ ಮೊಟ್ಟೆ ಮರಿ ತಿನ್ನುತ್ತಿವೆ. ಬೆಚ್ಚಗಾಗುತ್ತಿರುವ ಬೆಟ್ಟದಲ್ಲಿ ಹಕ್ಕಿಗೆ ಇನ್ನೂ ಮೇಲೆ ಹೋಗಲು ಜಾಗವಿಲ್ಲ.

ಏಣು ತಗ್ಗಿ ಮತ್ತೆ ಏರುವಲ್ಲಿ ಒಂದು ಬಂಡೆಗೆ ಕಂಚಿನ ಮುಖಫಲಕ ಜಡಿದಿದೆ. ಕೊಬಯಾಶಿ ಕಿಸಾಕು ಎಂಬ ಬೇಟೆಗಾರನ ಮುಖ ಅದು. ತಪ್ಪಲಿನ ಹಳ್ಳಿಯ ಈತ 1920ರ ಆಸುಪಾಸಿನಲ್ಲಿ ಇಲ್ಲಿಂದ ಯರಿಯವರೆಗೆ ಏಣಿನ ಮೇಲೆ ಹೊಸ ದಾರಿ ಕಡಿದ. ಅಲ್ಲಿಯವರೆಗೆ ಕಣಿವೆಗಿಳಿದು ಮತ್ತೆ ಹತ್ತುತ್ತಿದ್ದವರಿಗೆ ದಿನಗಳ ನಡಿಗೆ ಉಳಿಯಿತು. ಯರಿಯ ಬುಡದಲ್ಲಿ ಒಂದು ಗುಡಿಸಲನ್ನೂ ಕಟ್ಟಿದ. 1923ರ ಚಳಿಗಾಲದ ಕೊನೆಯಲ್ಲಿ ಬೇಟೆಗೆ ಹೋಗಿದ್ದಾಗ ಹಿಮಕುಸಿತಕ್ಕೆ ಸಿಕ್ಕಿ ಹಿರಿಯ ಮಗನ ಜೊತೆಗೇ ಸತ್ತ. ಇಂದಿಗೂ ಆ ದಾರಿ ಕಿಸಾಕುವಿನ ಹೆಸರಲ್ಲೇ ಇದೆ. ಗೈಡ್‌ಗಳ ಕಸುಬು ಶುರುವಾದದ್ದೂ ಇಂಥವರಿಂದಲೇ. ಬೇಟೆಗಾರರು, ಮೀನು ಹಿಡಿಯುವವರು, ಮರ ಕಡಿಯುವವರು ಪೇಟೆಯಿಂದ ಬಂದವರಿಗೆ ದಾರಿ ತೋರಿಸುತ್ತಿದ್ದರು. ಇಂಗ್ಲಿಷ್ ಪಾದ್ರಿ ವಾಲ್ಟರ್ ವೆಸ್ಟನ್ 1890ರ ದಶಕದಲ್ಲಿ ಈ ಬೆಟ್ಟಗಳನ್ನು ಸುತ್ತಿ 1896ರಲ್ಲಿ ಪುಸ್ತಕ ಬರೆದು ಜಗತ್ತಿಗೆ ಪರಿಚಯಿಸಿದ. ಅವನಿಗೆ ದಾರಿ ತೋರಿದವರಲ್ಲಿ ಕಮಿಕೋಚಿಯ ಬೇಟೆಗಾರ ಕಮಿಜೊ ಕಮೊನ್‌ಜಿ ಒಬ್ಬ. 1917ರಲ್ಲಿ ಓಮಾಚಿ ಊರಿನ ಹೋಟೆಲಿನವನಾದ ಹ್ಯಾಕುಸೆ ಶಿಂತಾರೊ ದೇಶದ ಮೊದಲ ಮಾರ್ಗದರ್ಶಿಗಳ ಸಂಘ ಕಟ್ಟಿದ ಮೇಲೆ ಕೂಲಿ, ಶಿಸ್ತು ಎರಡಕ್ಕೂ ಒಂದು ಕಟ್ಟು ಬಂತು. ಇಂದಿನ ಗೈಡ್‌ಗಳು ಪರೀಕ್ಷೆ ಪಾಸಾದವರು. ಬಂಡೆ, ಹಿಮ, ಪ್ರಥಮ ಚಿಕಿತ್ಸೆ ಎಲ್ಲದರಲ್ಲೂ ಪರಿಣತರು.

ಓತೆನ್‌ಶೋ ಶಿಖರದ ಮೇಲೋ ನಿಶಿದಕೆಯಲ್ಲೋ ಎರಡನೆಯ ರಾತ್ರಿ. ನಿಶಿದಕೆಯ ಪುಟ್ಟ ಮನೆಯ ಮುಂದೆ ನಿಂತರೆ ಯರಿ ಕಣಿವೆಯಾಚೆ ಎದುರಿಗೇ ನಿಂತಿರುತ್ತದೆ. ಅದರಿಂದ ಉತ್ತರಕ್ಕೆ ಚಾಚಿದ, ಹಲ್ಲುಹಲ್ಲಾದ ಏಣು ಕಿತಕಮ. ಅಲ್ಲಿ ಸರಪಳಿಯಿಲ್ಲ, ಬಣ್ಣದ ಗುರುತಿಲ್ಲ, ತಂಗುಮನೆಯಿಲ್ಲ. ಒಬ್ಬಂಟಿ ಚಾರಣಕ್ಕೇ ಹೆಸರಾಗಿದ್ದ ಕತೋ ಬುನ್‌ತಾರೊ 1936ರ ಜನವರಿಯಲ್ಲಿ, ಅಪರೂಪಕ್ಕೆ ಒಬ್ಬ ಸಂಗಾತಿಯೊಡನೆ ಹೋಗಿ, ಅಲ್ಲಿಂದ ಮರಳಲಿಲ್ಲ. ಕಾದಂಬರಿಕಾರ ನಿತ್ತ ಜಿರೊ ಅವನ ಬದುಕನ್ನೇ ಕಾದಂಬರಿ ಮಾಡಿದ್ದಾರೆ. ಹದಿಮೂರು ವರ್ಷದ ನಂತರ, 1949ರ ಜನವರಿಯಲ್ಲಿ ಅದೇ ಏಣಿನ ಮೇಲೆ ಹಿಮಗಾಳಿಗೆ ಸಿಕ್ಕ ಮತ್ಸುನಮಿ ಅಕಿರ ಬೆರಳು ಮರಗಟ್ಟುವವರೆಗೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದು ಸತ್ತ. ಚಳಿಗಾಲದಲ್ಲಿ ಈ ಬೆಟ್ಟ ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ಬೇಸಿಗೆಯ ನಾಲ್ಕು ದಿನವನ್ನು ಸುಲಭವೆಂದುಕೊಂಡು ಬಂದವರಿಗೆ ಗೈಡ್‌ಗಳು ಈ ಏಣನ್ನು ತೋರಿಸಿ ಕತೆ ಹೇಳುವುದು ಹೆದರಿಸಲಿಕ್ಕಲ್ಲ. ಸರಪಳಿ ಎಲ್ಲಿದೆ, ಯಾಕಿದೆ ಎಂದು ಮರುದಿನ ಗಮನವಿಟ್ಟು ಹಿಡಿಯಲಿ ಎಂದು.

ಮೂರನೆಯ ದಿನ ನಸುಕಿಗೇ ಹೊರಡುವುದು. ಬೇಗ ಹೊರಟು ಬೇಗ ಸೇರು ಎಂಬುದು ಇಲ್ಲಿನವರ ಬಾಯಿಮಾತು. ಮಧ್ಯಾಹ್ನ ಎರಡು ಮೂರರೊಳಗೆ ತಂಗುಮನೆಯಲ್ಲಿರಬೇಕು. ಕಾರಣ ಸಿಡಿಲು. ಬೇಸಿಗೆಯ ಮಧ್ಯಾಹ್ನ ಕಣಿವೆಯ ಬಿಸಿಗಾಳಿ ಮೇಲೇರಿ ಗಂಟೆಯೊಪ್ಪತ್ತಿನಲ್ಲಿ ಮೋಡ ಕಟ್ಟುತ್ತದೆ. 1967ರ ಆಗಸ್ಟ್ 1ರಂದು, ಇದೇ ಬೆಟ್ಟಸಾಲಿನ ನಿಶಿಹೊತಕ ಏಣಿನ ದೊಪ್ಪ್ಯೊ ಎಂಬಲ್ಲಿ ಮತ್ಸುಮೊತೊದ ಫುಕಾಶಿ ಪ್ರೌಢಶಾಲೆಯ ಗುಂಪಿನ ಮೇಲೆ ಸಿಡಿಲು ಬಿದ್ದು 11 ವಿದ್ಯಾರ್ಥಿಗಳು ಸತ್ತರು. ಶಿಕ್ಷಕರ ಜೊತೆಯಲ್ಲೇ ಶಾಲೆಯಿಂದ ಹೋಗಿದ್ದ ಮಕ್ಕಳು. ಅರ್ಧ ಶತಮಾನ ದಾಟಿದರೂ ಈ ಪ್ರಾಂತ್ಯದ ಯಾವ ಗೈಡ್ ಕೂಡ ಅದನ್ನು ಮರೆತಿಲ್ಲ. ಮೋಡದ ಮೊದಲ ಗುಡುಗಿಗೇ ಗುಂಪನ್ನು ಏಣಿನಿಂದ ಕೆಳಗಿಳಿಸಿದಾಗ ‘ಇನ್ನೊಂದು ಅರ್ಧ ಗಂಟೆ ಹೋಗಬಹುದಿತ್ತಲ್ಲ’ ಎಂದು ಗೊಣಗುವವರಿಗೆ ಇದು ಗೊತ್ತಿರುವುದು ಒಳ್ಳೆಯದು.

ನಿಶಿದಕೆಯಿಂದ ಏಣಿನ ಒಂದು ತಗ್ಗಿಗೆ ಇಳಿದರೆ ಹಿಗಾಶಿಕಮ, ಪೂರ್ವದ ಏಣು, ಶುರು. ಇಲ್ಲಿ ಊರುಗೋಲು ಮಡಚಿ ಚೀಲಕ್ಕೆ ಸಿಕ್ಕಿಸಬೇಕು, ಎರಡೂ ಕೈ ಬೇಕು. ಏಣು ಕಡಿದು ಹೋದ ಜಾಗಗಳಲ್ಲಿ ಕಬ್ಬಿಣದ ಏಣಿ, ಮರದ ಏಣಿ, ಸರಪಳಿ. ಒಂದು ಕಡೆಯಂತೂ ಸಾಲು ಏಣಿಗಳಲ್ಲಿ ನೇರ ಕೆಳಕ್ಕಿಳಿಯಬೇಕು. ಗೈಡ್ ಮೊದಲು ಇಳಿದು ಕೆಳಗೆ ನಿಲ್ಲುತ್ತಾನೆ. ಏಣಿಗೆ ಮುಖ ಮಾಡಿ ಇಳಿಯಿರಿ, ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಊರಿರಲಿ, ಒಂದು ಏಣಿಯ ಮೇಲೆ ಒಬ್ಬರೇ. ಅಂಜುವವರಿದ್ದರೆ ಸೊಂಟಕ್ಕೆ ಪಟ್ಟಿ ಕಟ್ಟಿ ಗಿಡ್ಡ ಹಗ್ಗದಲ್ಲಿ ತನಗೆ ಜೋಡಿಸಿಕೊಳ್ಳುತ್ತಾನೆ. ಬಂಡೆಗಳ ಮೇಲೆ ಬಿಳಿ ಬಣ್ಣದ ಸೊನ್ನೆ ಇದ್ದರೆ ಹೋಗಬಹುದು, ಕತ್ತರಿ ಗುರುತಿದ್ದರೆ ಹೋಗಬಾರದು. ಮಂಜಿನಲ್ಲಿ ಹತ್ತು ಮೀಟರ್ ಕಾಣದಾದಾಗ ಈ ಸೊನ್ನೆಗಳೇ ಪ್ರಾಣ ಉಳಿಸುವುದು.

ಈ ಗುರುತು ಬಳಿದವರು ಯಾರು? ತುಕ್ಕು ಹಿಡಿದ ಏಣಿ ತೆಗೆದು ಹೊಸದನ್ನು ಜಡಿದವರು ಯಾರು? ಬಹುತೇಕ ಕಡೆ ಸಮೀಪದ ತಂಗುಮನೆಯವರೇ. ಇದು 1934ರಿಂದ ರಾಷ್ಟ್ರೀಯ ಉದ್ಯಾನ, ಹೆಸರು ಚುಬು ಸಾನ್‌ಗಕು. ಉದ್ಯಾನದ ಹೊಣೆ ಪರಿಸರ ಸಚಿವಾಲಯದ್ದು, ನೆಲದ ಹೆಚ್ಚಿನ ಪಾಲು ಅರಣ್ಯ ಇಲಾಖೆಯದ್ದು. ನಡುವೆ ಹಾದುಹೋಗುವ ಕಾಲುದಾರಿಗಳಲ್ಲಿ ಹಲವಕ್ಕೆ ಕಾಗದದ ಮೇಲೆ ಸ್ಪಷ್ಟ ಹೊಣೆಗಾರರೇ ಇಲ್ಲ. ತಂಗುಮನೆಗಳು ಖಾಸಗಿಯವು, ಸರ್ಕಾರದ ನೆಲಕ್ಕೆ ಬಾಡಿಗೆ ಕಟ್ಟುತ್ತವೆ. ಮಳೆಗೆ ಕೊಚ್ಚಿದ ಮೆಟ್ಟಿಲು ಕಟ್ಟುವುದು, ಸೇತುವೆ ಹಾಕುವುದು, ಬೇಸಿಗೆಯ ಆರಂಭದಲ್ಲಿ ಗಟ್ಟಿ ಹಿಮದಲ್ಲಿ ಮೆಟ್ಟಿಲು ಕಡಿಯುವುದು, ಬಿದ್ದವರನ್ನು ಹೊತ್ತು ತರುವುದು ಇವರ ನಿತ್ಯದ ಕೆಲಸ. ಖರ್ಚಿನ ದೊಡ್ಡ ಪಾಲು ಹುಟ್ಟುವುದು ಹಾಸಿಗೆಯ ಬಾಡಿಗೆಯಿಂದ, ಮಾರುವ ಊಟ ಬಿಯರಿನಿಂದ.

ಯರಿಗತಕೆ ಸಾನ್‌ಸೋ, ಮೂರನೆಯ ರಾತ್ರಿಯ ಮನೆ, ಇದಕ್ಕೆ ಒಳ್ಳೆಯ ಉದಾಹರಣೆ. ಮತ್ಸುಮೊತೊದ ಹೊಕರಿ ಮಿಸಾವೊ 1917ರಲ್ಲಿ ಕೆಳಗಿನ ಕಣಿವೆಯಲ್ಲಿ ಮೊದಲ ಗುಡಿಸಲು ಕಟ್ಟಿದರು, 1926ರಲ್ಲಿ ಶಿಖರದ ಹೆಗಲ ಮೇಲೆ, 3080 ಮೀಟರಿನಲ್ಲಿ, ಈ ಮನೆ ಶುರುಮಾಡಿದರು. ಒಳ್ಳೆಯ ಫೋಟೊಗ್ರಾಫರ್ ಕೂಡ ಆಗಿದ್ದ ಅವರು ಮರೆತುಹೋಗಿದ್ದ ಬನ್ರ್ಯೂ ಸನ್ಯಾಸಿಯ ಚರಿತ್ರೆಯನ್ನು ಹಳೆಯ ಕಾಗದಪತ್ರಗಳಿಂದ ಹುಡುಕಿ ತೆಗೆದರು. ಆ ಕಾಲದಲ್ಲಿ ಮರ, ಅಕ್ಕಿ, ಸೀಮೆಎಣ್ಣೆ ಎಲ್ಲವೂ ‘ಬೊಕ್ಕ’ ಎಂದು ಕರೆಯುವ ಹೊರೆಯಾಳುಗಳ ಬೆನ್ನ ಮೇಲೆ ಬರುತ್ತಿತ್ತು. ಈಗ ಹೆಲಿಕಾಪ್ಟರ್ ತರುತ್ತದೆ. ಈ ಅನುಕೂಲವೇ 2019ರ ಬೇಸಿಗೆಯಲ್ಲಿ ಕೈಕೊಟ್ಟಿತು. ಸಾಮಾನು ಸಾಗಿಸುವ ಹೆಲಿಕಾಪ್ಟರ್ ಕೆಟ್ಟು, ಬದಲಿ ಸಿಗದೆ, ಉತ್ತರ ಆಲ್ಪ್ಸ್‌ನ ಹಲವು ಮನೆಗಳು ಸೀಸನ್ನಿನ ಹೊತ್ತಿನಲ್ಲೇ ಕಾಯುತ್ತಾ ಕೂತವು. ಬೆಟ್ಟದ ಸಾಗಣೆ ಕೆಲವೇ ಕಂಪನಿಗಳ ಕೈಯಲ್ಲಿದೆ, ದರ ಏರುತ್ತಲೇ ಇದೆ, ಪೈಲಟ್‌ಗಳು ಸಾಲುತ್ತಿಲ್ಲ. ಒಳನಾಡಿನ ಕುಮೊನೊದೈರ ತಂಗುಮನೆಯ ಇತೊ ಜಿರೊ ಆಗ ಈ ಬಿಕ್ಕಟ್ಟನ್ನು ಬಿಡಿಸಿಟ್ಟು ಬಹಿರಂಗವಾಗಿ ಬರೆದರು. ತಂಗುಮನೆ ಮುಚ್ಚಿದರೆ ಮುಚ್ಚುವುದು ಹೋಟೆಲಲ್ಲ, ದಾರಿಯೇ ಎಂಬುದು ಆ ಬರಹದ ಕಾಳಜಿ. ಅದನ್ನು ಓದಿ ಎಷ್ಟೋ ಹಳೆಯ ಚಾರಣಿಗರಿಗೆ ತಾವು ದಶಕಗಳಿಂದ ನಡೆದ ಹಾದಿಯ ಲೆಕ್ಕ ಮೊದಲ ಸಲ ಕಣ್ಣಿಗೆ ಬಿತ್ತು.

ಮರುವರ್ಷವೇ ಕೊರೊನಾ. ಕೆಲವು ಮನೆಗಳು ಬಾಗಿಲೇ ತೆರೆಯಲಿಲ್ಲ. ತೆರೆದವು ಹಾಸಿಗೆಗಳನ್ನು ಅರ್ಧಕ್ಕೆ ಇಳಿಸಿದವು. ಅದಕ್ಕೂ ಮೊದಲು ಈ ಬೆಟ್ಟಗಳಲ್ಲಿ ಒಂದು ಸಂಪ್ರದಾಯವಿತ್ತು: ಬುಕಿಂಗ್ ಇರಲಿ ಬಿಡಲಿ, ಬಾಗಿಲಿಗೆ ಬಂದವರನ್ನು ಹಿಂದೆ ಕಳಿಸುವಂತಿಲ್ಲ. ಎನ್‌ಜಾನ್‌ಸೋ, ಯರಿಯಂಥ ದೊಡ್ಡ ಮನೆಗಳಲ್ಲಿ ಒಂದೇ ರಾತ್ರಿ 600ಕ್ಕೂ ಹೆಚ್ಚು ಮಂದಿ ಮಲಗಬಹುದಿತ್ತು. ರಜೆಯ ದಿನಗಳಲ್ಲಿ ಒಂದು ಫುತಾನ್ ಮೇಲೆ ಇಬ್ಬರು ಮೂವರು. ಇರುಕಟ್ಟು ನಿಜ, ಆದರೆ ಆ ನೂಕುನುಗ್ಗಲಿನ ಹಣದಿಂದಲೇ ಏಣಿ, ಸೇತುವೆ ಆಗುತ್ತಿದ್ದವು. ಈಗ ಮುಂಗಡ ಬುಕಿಂಗ್ ಇಲ್ಲದೆ ಹೋಗುವಂತಿಲ್ಲ. ಎರಡು ಊಟದ ಜೊತೆ ರಾತ್ರಿಗೆ ಹಿಂದೆ 10,000 ಯೆನ್ ಆಸುಪಾಸಿದ್ದ ದರ ಈಗ ಹಲವೆಡೆ 13,000ದಿಂದ 16,000 ಯೆನ್. ಮಲಗಲು ಜಾಗ ಸಿಕ್ಕಿದೆ, ಚಾರಣಿಗರಿಗೆ ಒಳ್ಳೆಯದೇ ಆಯಿತು. ಕಾಲೇಜು ಹುಡುಗರಿಗೆ ಮಾತ್ರ ಈ ಬೆಟ್ಟ ಕೈಗೆಟುಕದ ಬೆಲೆಯದಾಗುತ್ತಿದೆ.

ಯರಿಯ ತುದಿಗೆ ಮನೆಯ ಅಂಗಳದಿಂದ ಇನ್ನೂ ನೂರು ಮೀಟರ್ ಏರು. ಚೀಲ ಮನೆಯಲ್ಲಿಟ್ಟು, ಹೆಲ್ಮೆಟ್ ಹಾಕಿ ಹೊರಟರೆ ಅರ್ಧ ಗಂಟೆ. ಹತ್ತುವ ದಾರಿ, ಇಳಿಯುವ ದಾರಿ ಬೇರೆ ಬೇರೆ. ರಜೆಯ ದಿನಗಳಲ್ಲಿ ಗಂಟೆಗಟ್ಟಲೆ ಸಾಲು. ಸರಪಳಿ, ಬಂಡೆಗೆ ಹೊಡೆದ ಕಬ್ಬಿಣದ ಗೂಟ, ಕೊನೆಯಲ್ಲಿ ಒಂದರ ಮೇಲೊಂದರಂತೆ ಎರಡು ನೇರ ಏಣಿಗಳು. ಎರಡನೆಯ ಏಣಿಯ ಕೊನೆಯ ಮೆಟ್ಟಿಲಿನಿಂದ ತಲೆ ಎತ್ತಿದರೆ ಒಂದು ಸಣ್ಣ ಕೋಣೆಯಷ್ಟಗಲದ ಜಾಗ, ಆ ತುದಿಗೆ ಪುಟ್ಟ ಮರದ ಗುಡಿ. ಮೇಲೆ ಬಂದವರು ಗುಡಿಗೆ ಕೈಮುಗಿದು, ಫೋಟೊ ತೆಗೆಸಿಕೊಂಡು, ಹಿಂದಿನವರಿಗೆ ಜಾಗ ಬಿಡುತ್ತಾರೆ. ದಕ್ಷಿಣಕ್ಕೆ 3190 ಮೀಟರಿನ ಒಕು ಹೊತಕ, ದೂರದಲ್ಲಿ ಫ್ಯೂಜಿ, ಪೂರ್ವಕ್ಕೆ ತಾವೇ ನಡೆದು ಬಂದ ಏಣು. ಇಳಿಯುವಾಗ ಮೊದಲ ಮೆಟ್ಟಿಲಿಗೆ ಕಾಲು ಹುಡುಕುವ ಆ ಒಂದು ಕ್ಷಣವೇ ನಾಲ್ಕು ದಿನದಲ್ಲಿ ಎಲ್ಲಕ್ಕಿಂತ ಕಷ್ಟದ್ದೆಂದು ಹೆಚ್ಚಿನವರು ಹೇಳುತ್ತಾರೆ. ಗೈಡ್‌ನ ಧ್ವನಿ ಆಗ ಬೇಕಾಗುತ್ತದೆ: ಎಡಗಾಲು ಇನ್ನು ಸ್ವಲ್ಪ ಕೆಳಗೆ, ಹಾಂ, ಅಲ್ಲೇ.

ನಾಲ್ಕನೆಯ ದಿನ ಕಮಿಕೋಚಿಗೆ ಸುಮಾರು 20 ಕಿಲೋಮೀಟರ್ ಇಳಿಜಾರು. ಬನ್ರ್ಯೂ ತಪಸ್ಸಿಗೆ ಕೂತಿದ್ದ ಬಂಡೆಯಡಿಯ ಗವಿ, ಆಗಸ್ಟ್‌ವರೆಗೂ ಉಳಿಯುವ ಹಿಮದ ಹಾಸು, ಆಮೇಲೆ ಕಾಡು, ಅಜುಸ ನದಿ. ಯೊಕೋದಿಂದ ಮುಂದೆ ದಾರಿ ಸಮತಟ್ಟು. ಹಿಂದೆ ದನಕರು ಮೇಯುತ್ತಿದ್ದ ಬಯಲಾದ ತೊಕುಸವದ ತಂಗುಮನೆಗೆ ಇನೋವೆ ಯಸುಶಿಯ ‘ಹ್ಯೋಹೆಕಿ’ ಕಾದಂಬರಿಯ ನಂಟಿದೆ. ಕಾದಂಬರಿಗೆ ಮೂಲ 1955ರ ಜನವರಿಯಲ್ಲಿ ಪಕ್ಕದ ಮಯೆಹೊತಕದಲ್ಲಿ ನಡೆದ ದುರಂತ. ಹೊಸದಾಗಿ ಬಂದಿದ್ದ ನೈಲಾನ್ ಹಗ್ಗ ಬಂಡೆಯ ಅಂಚಿಗೆ ತಾಗಿ ತುಂಡಾಗಿ ಒಬ್ಬ ತರುಣ ಸತ್ತ. ಹಗ್ಗದಲ್ಲಿ ದೋಷವಿಲ್ಲವೆಂಬ ವಾದವನ್ನು ಒಪ್ಪದ ಅವನ ಅಣ್ಣ ವರ್ಷಗಟ್ಟಲೆ ಹೋರಾಡಿದ. ಚಾರಣದ ಹಗ್ಗಗಳಿಗೆ ಜಪಾನಿನಲ್ಲಿ ಸುರಕ್ಷತಾ ಮಾನದಂಡ ಬಂದದ್ದು ಆ ಹೋರಾಟದಿಂದ. ಇಂದು ಗೈಡ್ ಗುಂಪಿನವರ ಸೊಂಟಕ್ಕೆ ಕಟ್ಟುವ ಹಗ್ಗಕ್ಕೂ ಆ ಅಣ್ಣನ ಹಟಕ್ಕೂ ನೇರ ಸಂಬಂಧವಿದೆ.

ಕಮಿಕೋಚಿಯ ಕಪ್ಪ ಸೇತುವೆಯ ಹತ್ತಿರ ನೂರಾರು ಪ್ರವಾಸಿಗರು. ಖಾಸಗಿ ಕಾರುಗಳಿಗೆ 1975ರಿಂದಲೇ ನಿರ್ಬಂಧ ಶುರುವಾಗಿದ್ದರಿಂದ ಇಷ್ಟು ಜನರಿದ್ದರೂ ಹೊಗೆಯಿಲ್ಲ, ಹಾರನ್ ಸದ್ದಿಲ್ಲ. ಬಸ್ಸಿಗೆ ಸಾಲು ನಿಲ್ಲುವಾಗ ಗೈಡ್‌ಗಳು ಈಗ ಇನ್ನೊಂದು ವಿಷಯ ಹೇಳತೊಡಗಿದ್ದಾರೆ. ಉತ್ತರ ಆಲ್ಪ್ಸ್‌ನ ದಕ್ಷಿಣ ಭಾಗದಲ್ಲಿ 2021ರಿಂದ ಚಾರಣಿಗರಿಂದ ತಲೆಗೆ 500 ಯೆನ್ ಸ್ವಇಚ್ಛೆಯ ದೇಣಿಗೆ ಕೇಳುವ ಪ್ರಯೋಗ ನಡೆದಿದೆ. ಹಣ ಹೋಗುವುದು ದಾರಿ ದುರಸ್ತಿಗೆ. ಉತ್ತರಕ್ಕೆ, ಇತೊ ಜಿರೊ ಅವರ ತಂದೆ ಇತೊ ಶೊಯಿಚಿ 1956ರಲ್ಲಿ ತೆರೆದಿದ್ದ ‘ಇತೊ ಹೊಸ ದಾರಿ’ ಸೇತುವೆಗಳು ಕುಸಿದು 1983ರಿಂದ ಮುಚ್ಚಿಹೋಗಿತ್ತು. ಮನೆತನದವರು, ಚಾರಣಿಗರು ಹಣ ಕೂಡಿಸಿ ಕೆಲಸ ಮಾಡಿ 2023ರಲ್ಲಿ ಮತ್ತೆ ತೆರೆದರು. ಸರ್ಕಾರ ನಿಧಾನಿಸಿದಲ್ಲಿ ನಡೆಯುವವರೇ ಕೈ ಹಾಕಬಹುದೆಂಬುದಕ್ಕೆ ಸಾಕ್ಷಿ ಸಿಕ್ಕಂತಾಯಿತು. ಆದರೆ ಸ್ವಇಚ್ಛೆಯ 500 ಯೆನ್‌ನಿಂದ ಇಡೀ ಬೆಟ್ಟಸಾಲಿನ ಏಣಿಗಳು ನಿಲ್ಲಲಾರವು. ಒಂದು ಕಲ್ಲಂಗಡಿ ಹೋಳಿನ ಬೆಲೆಗೆ ಹತ್ತಿರದ ಮೊತ್ತ ಅದು. ಗೈಡ್ ಸಮೇತ ನಾಲ್ಕು ದಿನದ ಪ್ರವಾಸ ಮಾರುವ ಕಂಪನಿಗಳು, ವಿದೇಶದವೂ ಸೇರಿ, ತಮ್ಮ ದರಪಟ್ಟಿಯಲ್ಲಿ ಊಟ, ಹಾಸಿಗೆ, ಬಸ್ಸಿನ ಜೊತೆಗೆ ದಾರಿಯ ಬಾಬತ್ತಿಗೂ ಒಂದು ಸಾಲು ಸೇರಿಸಿ, ಆ ಹಣ ನೇರ ತಂಗುಮನೆಗಳ ದುರಸ್ತಿ ಲೆಕ್ಕಕ್ಕೆ ಹೋಗುವಂತೆ ಮಾಡಬೇಕು. ಏಪ್ರಿಲ್ ಕೊನೆಗೆ ಯರಿಯ ಮನೆಯ ಸಿಬ್ಬಂದಿ ಹಿಮ ಅಗೆದು ಬಾಗಿಲು ಬಿಡಿಸುವ ಹೊತ್ತಿಗೆ, ಆ ವರ್ಷ ಯಾವ ಏಣಿ ಬದಲಿಸಬೇಕೆಂಬ ಪಟ್ಟಿಯ ಜೊತೆ ಅದಕ್ಕೆ ಬೇಕಾದ ಹಣವೂ ಅವರ ಕೈಯಲ್ಲಿರಬೇಕು.